ಫೋನ್ ಎತ್ತಬೇಡಿ, ಲಿನಕ್ಸ್ ಲೈನಿನಲ್ಲಿದೆ

ಆಷಾಢದ ಮಳೆ ತೀರ್ಥಹಳ್ಳಿಯಲ್ಲಿ ಗಡಿಯಾರ ನೋಡಿ ಬರುವುದಿಲ್ಲ. ಬೆಳಿಗ್ಗೆ ಹಿಡಿದದ್ದು ಸಂಜೆ ಆರಾದರೂ ಬಿಟ್ಟಿಲ್ಲ. ಬಸ್‌ಸ್ಟ್ಯಾಂಡ್ ಕಡೆಯಿಂದ ಕೊಡೆ ಹಿಡಿದು ಓಡಿಬಂದವರು ಅಂಗಡಿಸಾಲಿನ ತಗಡಿನ ಮಾಡಿನಡಿ ನಿಂತು, ಪಂಚೆಯ ತುದಿ ಹಿಂಡಿಕೊಂಡು, ಮತ್ತೆ ಓಡುತ್ತಾರೆ. ಆ ಸಾಲಿನ ಕೊನೆಯ ಅಂಗಡಿಗೆ ಬನ್ನಿ. ಹೊಸ್ತಿಲ ಮೇಲೆ ಗೋಣಿಚೀಲ ಹಾಸಿದೆ, ಕಾಲು ಒರೆಸಿಕೊಳ್ಳಿ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕಾಗದದ ಕಟ್ಟುಗಳಿವೆ. ಅವನ್ನು ಸ್ವಲ್ಪ ಸರಿಸಿದರೆ ಇಬ್ಬರು ಕೂರುವಷ್ಟು ಜಾಗವಾಗುತ್ತದೆ.

ಅಚ್ಚಿನ ಮಸಿ, ಸೀಮೆಎಣ್ಣೆ, ತೇವ ಹಿಡಿದ ಕಾಗದ, ಇವೆಲ್ಲದರ ಮೇಲೆ ಈಗಷ್ಟೇ ಬಿಸಿಯಾಗಿ ನಿಂತ ಲೇಸರ್ ಪ್ರಿಂಟರಿನ ಸುಟ್ಟ ವಾಸನೆ. ಮದುವೆಯ ಕಾಲ ಮುಗಿದಿರುವುದರಿಂದ ಮೂಲೆಯ ಟ್ರೆಡಲ್ ಯಂತ್ರಕ್ಕೆ ಹಳೆಯ ಬೆಡ್‌ಶೀಟ್ ಹೊದಿಸಿದ್ದಾರೆ. ಕಪಾಟಿನಲ್ಲಿ ಕಳೆದ ಹಂಗಾಮಿನ ಲಗ್ನಪತ್ರಿಕೆಗಳ ಮಾದರಿ ಇನ್ನೂ ಇವೆ. ಗಣಪತಿಯ ಚಿನ್ನದ ಬಣ್ಣ ಮಳೆಗಾಲದ ಥಂಡಿಗೆ ಸ್ವಲ್ಪ ಕಪ್ಪಾಗಿದೆ. ಮೇಜಿನ ಮೇಲೆ ಎರಡು ಕಂಪ್ಯೂಟರುಗಳು. ಒಂದು ಅನ್ನಕ್ಕೆ ದಾರಿ ಮಾಡಿಕೊಟ್ಟದ್ದು. ಕನ್ನಡ ಟೈಪಿಂಗ್, ಪುಟವಿನ್ಯಾಸ ಎಲ್ಲ ಅದರಲ್ಲೇ, ವಿಂಡೋಸ್‌ನಲ್ಲೇ. ಅದರ ಡಬ್ಬದ ಮೇಲೆ ಕಳೆದ ಆಯುಧಪೂಜೆಯ ಕುಂಕುಮ ಹಾಗೇ ಇದೆ. ಇನ್ನೊಂದರ ಪಕ್ಕದ ತಗಡು ಬಿಚ್ಚಿ ಗೋಡೆಗೆ ಒರಗಿಸಿದ್ದಾರೆ. ಒಳಗಿನ ಫ್ಯಾನು ತಿರುಗುವುದು, ಧೂಳು ಹಿಡಿದ ಕೇಬಲ್ಲುಗಳು, ಕೆಳಗಿನ ಸ್ಲಾಟಿನಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಕಾರ್ಡು, ಎಲ್ಲ ಕಾಣುತ್ತವೆ. ಈ ಸಂಜೆಯ ರಗಳೆಯೆಲ್ಲ ಆ ಕಾರ್ಡಿನದು.

ಕಾರ್ಡಿನ ಬೆನ್ನಿನಿಂದ ಹೊರಟ ಬೂದುಬಣ್ಣದ ತಂತಿ ಮೇಜಿನಡಿ ನುಸುಳಿ, ಕಾಗದದ ರೀಮುಗಳನ್ನು ಬಳಸಿ, ಅಂಗಡಿಗೂ ಹಿಂದಿನ ಮನೆಗೂ ನಡುವಿರುವ ಬಾಗಿಲನ್ನು ದಾಟಿ, ಜಗಲಿಯ ಗೋಡೆಯ ರೋಸೆಟ್ ಪೆಟ್ಟಿಗೆಗೆ ಸೇರುತ್ತದೆ. ತಂತಿ ಜಜ್ಜೀತೆಂದು ಆ ಬಾಗಿಲಿಗೆ ಒಂದು ಮರದ ಬೆಣೆ ಕೊಟ್ಟಿದ್ದಾರೆ. ರೋಸೆಟ್ಟಿನ ಪಕ್ಕದ ಸ್ಟೂಲಿನ ಮೇಲೆ, ಕ್ರೋಶಾ ಹೊದಿಕೆಯಡಿ, ಐಟಿಐ ಫೋನು. ಬೆಂಗಳೂರಿನ ದೂರವಾಣಿನಗರದಲ್ಲಿ 1948ರಲ್ಲಿ ಶುರುವಾದ ಆ ಕಾರ್ಖಾನೆಯ ಫೋನು ಅನೇಕ ಮನೆಗಳಲ್ಲಿತ್ತು.

ಕಂಪ್ಯೂಟರಿನ ಮುಂದೆ ಕೂತವನು ಅಂಗಡಿಯವರ ಅಕ್ಕನ ಮಗ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಿದ್ದಾನೆ. ಬರುವಾಗ ಚೀಲದಲ್ಲಿ ಬಟ್ಟೆಗಿಂತ ಸಿ.ಡಿ.ಗಳೇ ಹೆಚ್ಚಿದ್ದವಂತೆ. ಪಿಸಿಕ್ವೆಸ್ಟ್‌ನಂಥ ಪತ್ರಿಕೆಗಳು ಲಿನಕ್ಸ್ ಸಿ.ಡಿ.ಗಳನ್ನು ಸಂಚಿಕೆಯ ಜೊತೆಗೇ ಹಂಚುತ್ತಿದ್ದ ಕಾಲ ಅದು. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಲು ವಾರಗಟ್ಟಲೆ ಹಿಡಿಯುವುದನ್ನು ಪತ್ರಿಕೆಯ ಅಂಗಡಿಯಿಂದ ಕೈಯಲ್ಲಿ ಹಿಡಿದು ತರಬಹುದಿತ್ತು. ಇವನು ತಂದದ್ದು 2003ರ ಮಾರ್ಚ್ ಕೊನೆಗೆ ಬಿಡುಗಡೆಯಾದ ರೆಡ್ ಹ್ಯಾಟ್ ಲಿನಕ್ಸ್ 9. ಗಿರಾಕಿಗಳು ತರುವ ಫ್ಲಾಪಿಗಳ ಜೊತೆ ಬರುವ ವೈರಸ್ಸಿನಿಂದ ಮಾವ ಬೇಸತ್ತಿದ್ದರು. “ಮೇಲ್ ನೋಡಕ್ಕೆ, ಮ್ಯಾಟರ್ ಇಳಿಸ್ಕಳಕ್ಕೆ ಒಂದು ಮಷೀನ್ ಬೇರೇನೇ ಇರ್ಲಿ” ಎಂದು ಹಳೆಯ ಕಂಪ್ಯೂಟರನ್ನು ಅಳಿಯನ ಕೈಗೆ ಕೊಟ್ಟರು. ಲಿನಕ್ಸ್ ಏರಿತು, ಪರದೆ, ಮೌಸು, ಸೌಂಡ್ ಎಲ್ಲ ತಾವಾಗಿ ಬಂದವು. ಆ ಹಸಿರು ಕಾರ್ಡು, ಅಂದರೆ ಮೋಡೆಮ್, ಒಂದು ಬರಲಿಲ್ಲ.

ಅವನ ಪರದೆಯನ್ನು ನೋಡಿ. ಕಪ್ಪು ಕಿಟಕಿ, ಬಿಳಿ ಅಕ್ಷರ, ಮಿನುಗುವ ಒಂದು ಗೆರೆ. ಮಿನಿಕಾಮ್ ಎಂಬ ಪ್ರೋಗ್ರಾಂ ತೆರೆದಿದ್ದಾನೆ. ಮೋಡೆಮ್ ಜೊತೆ ನಡುವೆ ಯಾರನ್ನೂ ಇಟ್ಟುಕೊಳ್ಳದೆ ನೇರ ಮಾತಾಡುವುದಕ್ಕೆ ಇರುವಂಥದ್ದು. ವಿಂಡೋಸ್ ಕಾಮ್-1 ಎನ್ನುವ ಸೀರಿಯಲ್ ಪೋರ್ಟಿಗೆ ಲಿನಕ್ಸಿನಲ್ಲಿ ಟಿಟಿವೈಎಸ್0 ಎಂಬ ಹೆಸರು. ಇಲ್ಲಿ ಎಣಿಕೆ ಸೊನ್ನೆಯಿಂದ ಶುರು. ಕಾಮ್-2ಕ್ಕೆ ಟಿಟಿವೈಎಸ್1. ಹುಡುಗ ‘ಎಟಿ’ ಎಂಬ ಎರಡೇ ಅಕ್ಷರ ಕುಟ್ಟಿ ಎಂಟರ್ ಒತ್ತುತ್ತಾನೆ. ಜೀವಂತ ಮೋಡೆಮ್ ಇದ್ದರೆ ಮರುಗೆರೆಯಲ್ಲೇ ‘ಓಕೆ’ ಎನ್ನಬೇಕು. ಗೆರೆ ಮಿನುಗುತ್ತದೆ, ಮಾಡಿನ ಮೇಲೆ ಮಳೆ ಬಡಿಯುತ್ತದೆ, ಉತ್ತರವಿಲ್ಲ. ಮುಂದಿನ ಪೋರ್ಟು. ಅಲ್ಲೂ ಇಲ್ಲ.

ಈ ‘ಎಟಿ’ ಭಾಷೆ ಅಮೆರಿಕದ ಡೆನ್ನಿಸ್ ಹೇಸ್ ಅವರ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್‌ನಿಂದ ಬಂದದ್ದು. ಆ ಮೋಡೆಮಿನ ವೇಗ ಸೆಕೆಂಡಿಗೆ 300 ಬಿಟ್. ಕಣ್ಣಿಟ್ಟು ಓದುವವರು ಅಕ್ಷರ ಮೂಡುವ ಜೊತೆಜೊತೆಗೇ ಓದಿಕೊಂಡು ಹೋಗಬಹುದಾದಷ್ಟು. ಆಮೇಲೆ ವೇಗ ನೂರಕ್ಕೂ ಹೆಚ್ಚು ಪಟ್ಟು ಏರಿತು, ಕಂಪನಿಗಳು ಬಂದವು ಹೋದವು, ಆದರೆ ಮೋಡೆಮನ್ನು ಮಾತಾಡಿಸುವ ರೀತಿ ಮಾತ್ರ ಬದಲಾಗಲಿಲ್ಲ. ಎಟಿಡಿಟಿ ಎಂದರೆ ಟೋನಿನಲ್ಲಿ ನಂಬರು ಒತ್ತು. ಎಟಿಡಿಪಿ ಎಂದರೆ ಹಳೆಯ ತಿರುಗುಚಕ್ರದ ಫೋನಿನ ಥರ ಟಕಟಕ ಎಂದು ತಿರುಗಿಸು. ಎಟಿಎಚ್ ಎಂದರೆ ಫೋನ್ ಇಡು.

“ಎಂತ ಮಾರಾಯಾ, ಕಾರ್ಡ್ ಹಾಳಾಗಿದ್ಯಾ ಹೆಂಗೆ?” ಎಂದು ಮಾವ ಕನ್ನಡಕದ ಮೇಲಿಂದ ಕೇಳುತ್ತಾರೆ. ಅವರ ಕೈಯಲ್ಲಿ ಒಂದು ಸ್ಮರಣಸಂಚಿಕೆಯ ಪ್ರೂಫ್.

“ಹಾಳಾಗಿಲ್ಲ ಮಾವ. ಕಾರ್ಡಲ್ಲಿ ಎಂತದೂ ಇಲ್ಲ, ಅದೇ ತೊಂದ್ರೆ.”

ಹುಡುಗ ಹೇಳಿದ್ದು ಸರಿಯೇ. ಮೋಡೆಮ್ ಮಾಡುವ ಕೆಲಸದಲ್ಲಿ ಬಹುಪಾಲು ಲೆಕ್ಕ: ಅಂಕಿಯನ್ನು ಸದ್ದಾಗಿಸುವುದು, ಸದ್ದನ್ನು ಅಂಕಿಯಾಗಿಸುವುದು, ಲೈನಿನ ಕರಕರ ಸದ್ದಿನಿಂದ ಮಾತನ್ನು ಹೆಕ್ಕುವುದು. ಹಳೆಯ ಮೋಡೆಮುಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಚಿಪ್ಪುಗಳಿರುತ್ತಿದ್ದವು. ಕಂಪ್ಯೂಟರುಗಳು ಚುರುಕಾದಂತೆ ತಯಾರಕರು ಆ ಚಿಪ್ಪುಗಳನ್ನು ಕಿತ್ತುಹಾಕಿ, ಲೆಕ್ಕವನ್ನೆಲ್ಲ ವಿಂಡೋಸಿನ ಡ್ರೈವರಿಗೆ ವಹಿಸಿ, ಕಾರ್ಡಿನ ಬೆಲೆ ಇಳಿಸಿದರು. ವಿನ್‌ಮೋಡೆಮ್ ಎಂಬುದು ಅಸಲಿಗೆ ಯುಎಸ್ ರೋಬೋಟಿಕ್ಸ್ ಇಟ್ಟುಕೊಂಡ ಹೆಸರು. ಕಡೆಗೆ ಇಡೀ ಜಾತಿಗೇ ಅದೇ ಹೆಸರಾಯಿತು. ಲಿನಕ್ಸ್ ಕಂಪ್ಯೂಟರಿಗೆ ಇಂಥ ಕಾರ್ಡು ಹಾಕುವುದೆಂದರೆ ಅಡುಗೆಭಟ್ಟರನ್ನು ಕರೆಸದೆ ಬಾಡಿಗೆ ಪಾತ್ರೆ ಮಾತ್ರ ತಂದಿಳಿಸಿದ ಮದುವೆಮನೆಯ ಹಾಗೆ. ಹಂಡೆ, ಕೊಪ್ಪರಿಗೆ ಎಲ್ಲ ಇವೆ, ಒಲೆ ಹಚ್ಚುವವರಿಲ್ಲ. ಸೀರಿಯಲ್ ಪೋರ್ಟಿಗೆ ಸಿಕ್ಕಿಸಿ ಮೇಜಿನ ಮೇಲಿಡುವ, ಮುಂದುಗಡೆ ಕೆಂಪು ದೀಪಗಳ ಸಾಲಿರುವ ಹೊರಗಿನ ಮೋಡೆಮ್ ತಂದಿದ್ದರೆ ಹುಡುಗನಿಗೆ ಇಷ್ಟೊತ್ತಿಗೆ ‘ಓಕೆ’ ಸಿಕ್ಕಿರುತ್ತಿತ್ತು. ಆದರೆ ಅದರ ಬೆಲೆ ಹಲವು ಪಟ್ಟು. ಬೆಂಗಳೂರಿನ ಎಸ್.ಪಿ. ರೋಡಿನ ಇಕ್ಕಟ್ಟು ಅಂಗಡಿಗಳಲ್ಲಿ ಕಂಪ್ಯೂಟರ್ ಜೋಡಿಸಿಕೊಡುವಾಗ ಸೇರಿಸುತ್ತಿದ್ದದ್ದು ಅಗ್ಗದ ಕಾರ್ಡನ್ನೇ. ಉಳಿಸಿದ ದುಡ್ಡು ಯಾರದ್ದೋ ಸಂಜೆಗಳಲ್ಲಿ ಖರ್ಚಾಗುತ್ತದೆ. ಆ ಲೆಕ್ಕ ಬಿಲ್ಲಿನಲ್ಲಿ ಬರುವುದಿಲ್ಲ.

ಲಿನಕ್ಸಿನ ಕಡೆಯವರು ಸುಮ್ಮನೆ ಕೂತಿರಲಿಲ್ಲ ಅನ್ನಿ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ ಒಂದು ಮೋಡೆಮನ್ನೇ ಪೂರ್ತಿ ಸಾಫ್ಟ್‌ವೇರಿನಲ್ಲಿ ಬರೆದು ಮುಕ್ತವಾಗಿ ಕೊಟ್ಟರು. ಕೆಲವು ಚಿಪ್ಪುಗಳಿಗೆ ಅರ್ಧ ಮುಚ್ಚಿದ, ಅರ್ಧ ತೆರೆದ ಡ್ರೈವರುಗಳು ಸಿಗುತ್ತಿದ್ದವು. ಲಿನಕ್ಸಾಂಟ್ ಎಂಬ ಕಂಪನಿ ಒಂದು ಜಾತಿಯ ಚಿಪ್ಪಿಗೆ ಡ್ರೈವರ್ ಕೊಡುತ್ತಿತ್ತು: ಪುಕ್ಕಟೆಯಾದರೆ ಸೆಕೆಂಡಿಗೆ 14.4 ಕಿಲೋಬಿಟ್ ವೇಗಕ್ಕೆ ಕಡಿವಾಣ, ಪೂರ್ತಿ ವೇಗ ಬೇಕೆಂದರೆ ಹಣ.

ಇನ್ನೊಂದು ತಮಾಷೆ ಇದೆ. ಮೋಡೆಮ್ ನಡೆಯಬೇಕಾದರೆ ಡ್ರೈವರ್ ಬೇಕು. ಡ್ರೈವರ್ ಇರುವುದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ಟಿಗೆ ಹೋಗಬೇಕಾದರೆ ಮೋಡೆಮ್ ನಡೆಯಬೇಕು. ಈ ಗಂಟನ್ನು ಹುಡುಗ ಮಧ್ಯಾಹ್ನವೇ ಬಿಡಿಸಿದ್ದ. ಕೊಡೆ ಹಿಡಿದು ಸೈಬರ್ ಕೆಫೆಗೆ ಹೋಗಿ ಡ್ರೈವರಿನ ಕಟ್ಟನ್ನು ಒಂದು ಫ್ಲಾಪಿಗೆ ಇಳಿಸಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಈಗ ಅದನ್ನು ತುರುಕುತ್ತಾನೆ. ಡ್ರೈವು ಗೊರಗೊರ ಎನ್ನುತ್ತದೆ. ಕಡತಗಳು ಬಿಚ್ಚಿಕೊಳ್ಳುತ್ತವೆ, ‘ಮೇಕ್’ ಎಂದು ಕೊಟ್ಟೊಡನೆ ಪರದೆ ತುಂಬ ಗೆರೆಗಳು ಮೇಲಕ್ಕೆ ಸರಿಯತೊಡಗುತ್ತವೆ, ಹತ್ತಾರು ಗೆರೆ ಓಡಿ, ಧುತ್ತೆಂದು ನಿಲ್ಲುತ್ತವೆ. ತಪ್ಪು. ಡ್ರೈವರನ್ನು ಇದೇ ಕರ್ನೆಲ್ಲಿಗೆ, ಅಂದರೆ ಈ ಲಿನಕ್ಸಿನ ತಿರುಳಿಗೆ, ಹೊಂದುವಂತೆ ಕಟ್ಟಬೇಕು, 2.4.20-8 ಎಂಬ ಕೊನೆಯ ಅಂಕಿಯವರೆಗೆ. ಅದಕ್ಕೆ ಕರ್ನೆಲ್ಲಿನ ಮೂಲ ಕಡತಗಳು ಬೇಕು, ಅವು ಇನ್ನೊಂದು ಸಿ.ಡಿ.ಯಲ್ಲಿವೆ. ಹುಡುಗ ಗೊಣಗುವುದಿಲ್ಲ. ಚೀಲದಲ್ಲಿ ಕೈಯಾಡಿಸಿ ಸಿ.ಡಿ. ತೆಗೆದು, ಅಂಗಿಯ ಅಂಚಿಗೆ ಒರೆಸಿ, ಹಾಕುತ್ತಾನೆ. ಈ ವ್ಯವಸ್ಥೆಯ ಒಂದು ಗುಣ ನನಗೆ ಹಿಡಿಸಿದ್ದು ಇಲ್ಲಿ. ಕೆಲಸ ಕೆಟ್ಟರೆ ಎಲ್ಲಿ ಕೆಟ್ಟಿತು, ಯಾವ ಗೆರೆಯಲ್ಲಿ ಎಂದು ಒರಟಾಗಿಯಾದರೂ ಹೇಳಿಬಿಡುತ್ತದೆ. ಪಕ್ಕದ ಕುಂಕುಮದ ಕಂಪ್ಯೂಟರ್ ಇಂಥ ಹೊತ್ತಿನಲ್ಲಿ ನಯವಾದ ಒಂದು ಪೆಟ್ಟಿಗೆ ತೋರಿಸಿ ಸುಮ್ಮನಾಗುತ್ತದೆ.

ಕಡತ ಏರುವ ಹೊತ್ತಿಗೆ ಒಳಗಿನಿಂದ ಕಾಫಿ ಬರುತ್ತದೆ, ಜೊತೆಗೆ ಹಲಸಿನ ಹಪ್ಪಳ. ಎಣ್ಣೆ ಕೈಯನ್ನು ಕೀಬೋರ್ಡಿಗೆ ತಾಗಿಸಬಾರದೆಂದು ಹುಡುಗ ಹಪ್ಪಳವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಟೈಪ್ ಮಾಡುತ್ತಾ, ಮಾವನಿಗೆ ಒಂದು ಕಥೆ ಹೇಳುತ್ತಾನೆ. ಲಿನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ 1991ರಲ್ಲಿ ಮೊದಲು ಬರೆಯಲು ಕೂತದ್ದು ಆಪರೇಟಿಂಗ್ ಸಿಸ್ಟಮ್ ಅಲ್ಲವಂತೆ. ಮನೆಯಿಂದ ಮೋಡೆಮಿನಲ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಫೋನ್ ಮಾಡುವ ಒಂದು ಸಣ್ಣ ಪ್ರೋಗ್ರಾಂ ಅಂತೆ. ಅದಕ್ಕೆ ಒಂದೊಂದೇ ಸೇರಿಸುತ್ತ ಹೋದಾಗ ಅದು ಲಿನಕ್ಸಾಯಿತು. ನಡುವೆ ಒಂದು ದಿನ ಮೋಡೆಮಿಗೆ ಕಳಿಸಬೇಕಾದ ಡಯಲ್ ಆದೇಶವನ್ನು ಆಸಾಮಿ ಕೈತಪ್ಪಿ ಹಾರ್ಡ್‌ಡಿಸ್ಕಿಗೆ ಕಳಿಸಿಬಿಟ್ಟ. ಅದರಲ್ಲಿದ್ದ ಮಿನಿಕ್ಸ್ ವ್ಯವಸ್ಥೆ ಕೆಟ್ಟುಹೋಯಿತು. ಅದನ್ನು ಮತ್ತೆ ಏರಿಸುವ ಬದಲು ತನ್ನದನ್ನೇ ನೆಚ್ಚಿಕೊಂಡ.

“ಹಂಗಾರೆ ಮೋಡೆಮಿಂದ್ಲೇ ಹುಟ್ಟಿದ್ದಿದು” ಎಂದು ಮಾವ ಕಾಫಿ ಗುಟುಕರಿಸುತ್ತಾರೆ. “ಹುಟ್ಟಿದ ಮನೆ ಗುರ್ತು ಸಿಗ್ತಾ ಇಲ್ಲಲ ಈಗ!”

ಎರಡನೆಯ ಸಲ ಗೆರೆಗಳು ನಿಲ್ಲದೆ ಓಡುತ್ತವೆ. ಹೊಸ ಪೋರ್ಟ್ ಒಂದು ಹುಟ್ಟುತ್ತದೆ, ಟಿಟಿವೈಎಲ್‌ಟಿ0. ಮಿನಿಕಾಮ್ ತೆರೆದು ‘ಎಟಿ’ ಕುಟ್ಟಿದರೆ, ತಡವಿಲ್ಲದೆ, ‘ಓಕೆ’. ಹುಡುಗ ಏನೂ ಹೇಳುವುದಿಲ್ಲ. ಕಾಫಿ ಲೋಟ ಖಾಲಿ ಎಂಬುದನ್ನು ಮರೆತು ಇನ್ನೊಮ್ಮೆ ಎತ್ತಿ ಕುಡಿಯುತ್ತಾನೆ.

ಇನ್ನು ಡಯಲ್ ಮಾಡುವುದು. ಡಬ್ಲ್ಯುವಿಡಯಲ್ ಎಂಬ ಪ್ರೋಗ್ರಾಮಿಗೆ ನಾಲ್ಕೈದು ಸಾಲಿನ ಒಂದು ಕಡತ ಸಾಕು: ಯಾವ ಪೋರ್ಟು, ಯಾವ ನಂಬರು, ಬಳಕೆದಾರನ ಹೆಸರು, ಪಾಸ್‌ವರ್ಡು. ಇಂಟರ್‌ನೆಟ್ ಸೇವೆಯ ನಂಬರು 172ರಿಂದ ಶುರುವಾಗುವಂಥದ್ದು. ಹುಡುಗ ಆದೇಶ ಕೊಟ್ಟ ತಕ್ಷಣ ಕಾರ್ಡಿನೊಳಗೆ ‘ಟಿಕ್’ ಎನ್ನುತ್ತದೆ. ಒಂದೆರಡು ಕ್ಷಣ ಕಳೆದು ಪರದೆಯ ಮೇಲೆ ‘ನೋ ಡಯಲ್‌ಟೋನ್’. ಮಾವ ಎದ್ದು ಜಗಲಿಗೆ ಹೋಗಿ ಫೋನು ಕಿವಿಗಿಟ್ಟುಕೊಂಡು ಅಲ್ಲಿಂದಲೇ ಕೂಗುತ್ತಾರೆ, “ಟೋನ್ ಇದೆಯಲ್ಲೋ! ಡುರ್ ಅಂತಿದೆ!” ಇದೆ, ನಿಜ. ಆದರೆ ಡಯಲ್ ಟೋನ್ ಎಲ್ಲ ದೇಶದಲ್ಲೂ ಒಂದೇ ಅಲ್ಲ. ಕಾರ್ಡು ಕಾಯುತ್ತಿರುವುದು ಬೇರೆ ನಾಡಿನ ಸದ್ದಿಗೆ, ನಮ್ಮ ಎಕ್ಸ್‌ಚೇಂಜಿನ ಡುರ್ ಅದರ ಕಿವಿಗೆ ಟೋನೇ ಅಲ್ಲ. ಇಂಥದಕ್ಕೆಂದೇ ‘ಎಟಿಎಕ್ಸ್3’ ಎಂಬ ಆದೇಶವಿದೆ: ಟೋನಿಗೆ ಕಾಯಬೇಡ, ಕಣ್ಣು ಮುಚ್ಚಿ ಒತ್ತು. ನಮ್ಮಲ್ಲಿ ಡಯಲ್-ಅಪ್‌ನಲ್ಲಿ ಪಳಗಿದವರೆಲ್ಲ ಈ ಮಂತ್ರವನ್ನು ಬಾಯಿಪಾಠ ಮಾಡಿಕೊಂಡಿದ್ದರು.

ಕಡತಕ್ಕೆ ಒಂದು ಸಾಲು ಸೇರಿತು. ಈಗ ಕಿವಿಗೊಡಿ. ಮಳೆಯೂ ಸ್ವಲ್ಪ ತಗ್ಗಿದೆ.

ಟಿಕ್. ಡುರ್ ಎಂಬ ಎಳೆ ಅರ್ಧದಲ್ಲೇ ಕತ್ತರಿಸಿ, ಪಿಂಪಿಪಿಪೀಂಪಿ ಎಂದು ಅಂಕಿಗಳು ಒಂದರ ಬೆನ್ನಿಗೊಂದು ಬೀಳುತ್ತವೆ. ಮೌನ. ದೂರದಲ್ಲಿ ಗಂಟೆ, ಟ್ರಿಣ್ ಟ್ರಿಣ್. ಯಾರೋ ಎತ್ತುತ್ತಾರೆ, ಮಾತಿಲ್ಲ, ‘ಕೀಂ’ ಎಂದು ಉದ್ದಕ್ಕೆ ಎಳೆಯುತ್ತಾರೆ. ಸೆಕೆಂಡಿಗೆ 2,100 ಸಲ ಕಂಪಿಸುವ ಆ ಸದ್ದು ಅರ್ಧ ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಒಂದೊಂದು ಸಲ ಹೊರಳುತ್ತದೆ. ಕಿವಿ ಚುರುಕಿದ್ದವರಿಗೆ ಚಿಟಿಕೆ ಹೊಡೆದದ್ದು ಕೇಳುತ್ತದೆ. ಅದು ನಡುದಾರಿಯ ಟೆಲಿಫೋನ್ ಉಪಕರಣಗಳಿಗೆ ಸೂಚನೆ: ಮನುಷ್ಯರು ಮಾತಾಡುವಾಗ ಪ್ರತಿಧ್ವನಿ ಅಳಿಸುತ್ತೀರಲ್ಲ, ಈಗ ಮಾತಾಡುವುದು ಮನುಷ್ಯರಲ್ಲ, ನೀವು ಪಕ್ಕಕ್ಕೆ ಸರಿಯಿರಿ. ಆಮೇಲೆ ಈ ಕಡೆಯ ಕಾರ್ಡು ಬಾಯಿ ಹಾಕುತ್ತದೆ. ಚಿರ್ ಚಿರ್ ಎಂದು ನನಗೆ ಇಷ್ಟು ಬರುತ್ತದೆ, ನಿನಗೆಷ್ಟು ಎಂಬ ವಿಚಾರಣೆ. ಟೊಂಯ್, ಟೊಂಯ್ ಎಂದು ಎರಡು ಸಲ. ಕಡೆಗೆ ಇಬ್ಬರೂ ಒಟ್ಟಿಗೆ ‘ಭಶ್ಶ್’ ಎಂದು ನುಗ್ಗುತ್ತಾರೆ. ತೀರ್ಥಹಳ್ಳಿಯ ಕಂಬಗಳ ಮೇಲೆ, ಅಡಿಕೆ ತೋಟದ ಅಂಚಿನಲ್ಲಿ, ನೀರು ಸೋರುವ ಜಾಯಿಂಟುಗಳಲ್ಲಿ ಸದ್ದು ಎಲ್ಲೆಲ್ಲಿ ಸವೆಯುತ್ತದೆ ಎಂದು ಅಳೆದು ತಿದ್ದಿಕೊಳ್ಳುವ ಹೊತ್ತು ಅದು. ಇದ್ದಕ್ಕಿದ್ದಂತೆ ಸದ್ದು ನಿಲ್ಲುತ್ತದೆ. ಕೆಟ್ಟಿತೆಂದು ಮಾವ ಮುಖ ಎತ್ತುತ್ತಾರೆ. ಕೆಟ್ಟಿಲ್ಲ, ಕುದುರಿತೆಂದು ಕಾರ್ಡು ತನ್ನ ಸ್ಪೀಕರ್ ಮುಚ್ಚಿಕೊಂಡಿದೆ.

‘ಕನೆಕ್ಟ್ 115200’ ಎಂದು ಪರದೆ ಘೋಷಿಸುತ್ತದೆ. ಇದನ್ನು ನಂಬಿ ಹಿಗ್ಗಬೇಡಿ. ಅದು ಕಂಪ್ಯೂಟರಿಗೂ ಮೋಡೆಮಿಗೂ ನಡುವಿನ ವೇಗ, ಫೋನ್ ಲೈನಿನದಲ್ಲ. ಇನ್ನೊಂದು ಆದೇಶ ಕೊಟ್ಟು ಕೇಳಿದರೆ ನಿಜ ಹೊರಬೀಳುತ್ತದೆ: ಸೆಕೆಂಡಿಗೆ 31,200 ಬಿಟ್. ಡಬ್ಬದ ಮೇಲೆ ‘56ಕೆ’ ಎಂದು ದಪ್ಪಕ್ಷರದಲ್ಲಿತ್ತಲ್ಲ ಎಂದರೆ, ಇತ್ತು. ಎಕ್ಸ್2, ಕೆ56ಫ್ಲೆಕ್ಸ್ ಎಂದು ಎರಡು ಬಣಗಳು ಕಿತ್ತಾಡಿದ ಮೇಲೆ 1998ರಲ್ಲಿ ವಿ.90 ಎಂಬ ಒಂದೇ ಮಾನಕ ಬಂತು. ಅದರಲ್ಲೂ ಇಳಿಕೆಗೆ ಮಾತ್ರ 56, ಏರಿಕೆಗೆ 33.6. ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದುಕೊಳ್ಳುತ್ತದೆ, ಅಂದರೆ 64,000 ಬಿಟ್. ಅದಕ್ಕಿಂತ ಹೆಚ್ಚು ಈ ದಾರಿಯಲ್ಲಿ ಹಿಡಿಸುವುದೇ ಇಲ್ಲ. 56ರ ಹತ್ತಿರ ಹೋಗಬೇಕಾದರೂ ಆ ತುದಿಯಿಂದ ನಮ್ಮ ಎಕ್ಸ್‌ಚೇಂಜಿನವರೆಗೆ ಎಲ್ಲ ಡಿಜಿಟಲ್ ಆಗಿರಬೇಕು, ಅಲ್ಲಿಂದ ಮನೆಯವರೆಗಿನ ತಾಮ್ರ ಚೊಕ್ಕಟವಾಗಿರಬೇಕು. ಮೊದಲನೆಯದು ಕನ್ನಡನಾಡಿಗೆ ಬೇಗ ಬಂತು. ಸಿ-ಡಾಟ್ ಸಂಸ್ಥೆ ರೂಪಿಸಿದ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜುಗಳಲ್ಲಿ ಮೊಟ್ಟಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಕೂತದ್ದು. ಎರಡನೆಯದು ಮಾತ್ರ ಮಲೆನಾಡಿನ ಮಳೆಯ ಮರ್ಜಿ.

ಕನೆಕ್ಟ್ ಆದ ಮೇಲೂ ಮುಗಿಯಲಿಲ್ಲ. ಪಿಪಿಪಿಡಿ ಎಂಬ ಇನ್ನೊಂದು ಪ್ರೋಗ್ರಾಂ ಎದ್ದು, ಹೆಸರು ಪಾಸ್‌ವರ್ಡು ಒಪ್ಪಿಸಿ, ಆ ಕಡೆಯಿಂದ ಒಂದು ಐಪಿ ವಿಳಾಸ ಪಡೆಯುತ್ತದೆ. ಹುಡುಗ ಮೊಜಿಲ್ಲಾ ತೆರೆಯುತ್ತಾನೆ. ಪುಟ ಬರುವುದಿಲ್ಲ. ಅಂಕಿಯ ವಿಳಾಸ ಕೊಟ್ಟು ಕೇಳಿದರೆ ಉತ್ತರ ಬರುತ್ತಿದೆ, ಹೆಸರು ಕೊಟ್ಟರೆ ಇಲ್ಲ. ಹೆಸರನ್ನು ಅಂಕಿಯಾಗಿಸಿಕೊಡುವ ಸರ್ವರಿನ ವಿಳಾಸವನ್ನು ಪಿಪಿಪಿಡಿ ತನ್ನದೇ ಕೋಶದ ರಿಸಾಲ್ವ್ ಕಡತದಲ್ಲಿ ಬರೆದಿಟ್ಟಿದೆ, ಉಳಿದ ಲಿನಕ್ಸ್ ಹುಡುಕುವುದು ಇನ್ನೊಂದು ಕೋಶದ ಕಡತದಲ್ಲಿ. ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದೊಡನೆ ಪುಟ ಮೇಲಿನಿಂದ ಕೆಳಗೆ ಗೇಣುಗೇಣಾಗಿ ಇಳಿಯತೊಡಗುತ್ತದೆ.

ಮಾವನ ಮೇಲ್ ಪೆಟ್ಟಿಗೆಯಲ್ಲಿ ಬೆಂಗಳೂರಿನಿಂದ ಬಂದ ಒಂದು ಚಿತ್ರವಿದೆ, ಸ್ಮರಣಸಂಚಿಕೆಯ ಮುಖಪುಟಕ್ಕೆ. ಹತ್ತಿರ ಹತ್ತಿರ ಒಂದು ಎಂಬಿ. ಈ ವೇಗಕ್ಕೆ ನಾಲ್ಕೈದು ನಿಮಿಷದ ದಾರಿ. ಮೂವರೂ ನೀಲಿ ಪಟ್ಟಿ ಬೆಳೆಯುವುದನ್ನು ನೋಡುತ್ತ ಕೂತಿದ್ದೇವೆ. ಮುಕ್ಕಾಲು ದಾಟಿದೆ. ಅಷ್ಟರಲ್ಲಿ ಜಗಲಿಯಲ್ಲಿ ಕ್ರೋಶಾ ಸರಿದ ಸದ್ದು, “ಹಲೋ... ಎಂತ ಇದು ಶ್‌ಶ್ ಅಂತಿದೆ?”

“ಅತ್ತೇ, ಎತ್ಬೇಡಿ!”

ಪರದೆಯ ಮೇಲೆ ‘ನೋ ಕ್ಯಾರಿಯರ್’.

“ನಿಮ್ಗೆ ಕಂಪ್ಯೂಟರು, ನನ್ಗೆ ಅಕ್ಕನ ಫೋನು. ಅವ್ಳು ಏಳ್ ಗಂಟೆಗೆ ಮಾಡ್ತೀನಿ ಅಂದಿದ್ಳು. ಈಗ ಏಳೂವರೆ ಆಯ್ತು. ಇಷ್ಟೊತ್ತೂ ಎಂಗೇಜ್ ಬರ್ತಿತ್ತೋ ಏನೋ ಅವ್ಳಿಗೆ” ಎಂದು ಅತ್ತೆ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಮಾತಿಗೆ ಎದುರು ವಾದವಿಲ್ಲ. ಒಂದೇ ಲೈನು, ಎರಡು ಮನೆವಾರ್ತೆ. ಅಕ್ಕನ ಫೋನು ಬಂದು, ಅಡಿಕೆಗೆ ಕೊಳೆರೋಗ ಹತ್ತಿದ್ದು, ಯಾರದ್ದೋ ಬಾಣಂತನ, ಎಲ್ಲ ಮುಗಿಯುವವರೆಗೆ ಲಿನಕ್ಸ್ ಕಾಯುತ್ತದೆ.

ಆ ಬಿಡುವಿನಲ್ಲಿ ಮಾವ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಅಳಿಯನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂರುತ್ತಾರೆ. ಫೋನು ಬಿಡುವಾದ ಮೇಲೆ ಡಯಲ್ ಮಾಡಿದರೆ ಅನುಮತಿ ಇಲ್ಲ ಎಂಬ ಉತ್ತರ ಬರುತ್ತದೆ. ಇಷ್ಟು ಹೊತ್ತು ಹುಡುಗ ಕೆಲಸ ಮಾಡಿದ್ದು ಎಲ್ಲ ಅಧಿಕಾರವಿರುವ ರೂಟ್ ಹೆಸರಿನಲ್ಲಿ, ಮಾವನ ಖಾತೆಗೆ ಮೋಡೆಮ್ ಮುಟ್ಟುವ ಹಕ್ಕಿಲ್ಲ. “ನನ್ನ ಅಂಗ್ಡಿ, ನನ್ನ ಫೋನು, ಬಿಲ್ ಕಟ್ಟೋನು ನಾನು, ನನ್ಗೇ ಪರ್ಮಿಷನ್ ಇಲ್ವಂತೆ!” ಹುಡುಗ ನಗುತ್ತಲೇ ಬಾಗಿ ಎರಡು ಆದೇಶ ಕುಟ್ಟಿ ಹಕ್ಕು ಕೊಡಿಸುತ್ತಾನೆ.

“ನೀ ಸೋಮ್ವಾರ ಹೊರಟ್ಹೋಗ್ತಿ. ಎಲ್ಲ ಬರ್ದಿಟ್ಟು ಹೋಗು ಮಾರಾಯ.”

ಕಪಾಟಿನಿಂದ ಮಿಕ್ಕಿದ ಲಗ್ನಪತ್ರಿಕೆಯೊಂದನ್ನು ಎಳೆದು, ಅದರ ಖಾಲಿ ಬೆನ್ನಿನ ಮೇಲೆ ಹುಡುಗ ಬರೆಯುತ್ತಾನೆ. ಡಯಲ್ ಮಾಡುವ ಆದೇಶ. ನಿಲ್ಲಿಸುವುದಕ್ಕೆ ಕಂಟ್ರೋಲ್ ಒತ್ತಿ ಸಿ. ನಿಲ್ಲಿಸದೆ ಎದ್ದುಹೋದರೆ ಫೋನಿನ ಮೀಟರ್ ಓಡುತ್ತಲೇ ಇರುತ್ತದೆ ಎಂಬ ಎಚ್ಚರಿಕೆ, ಅದಕ್ಕೆ ಅಡಿಗೆರೆ. ಗುಡುಗು ಶುರುವಾದರೆ ತಂತಿಯನ್ನು ರೋಸೆಟ್ಟಿನಿಂದಲೇ ಕಿತ್ತಿಡಿ. ಮಾವ ಕನ್ನಡಕ ಏರಿಸಿ ಪ್ರೂಫ್ ನೋಡುವ ಗಾಂಭೀರ್ಯದಿಂದ ಅದನ್ನು ಓದಿ, ಒಂದು ಕಾಗುಣಿತ ತಿದ್ದಿ, ಎಲ್ಲಕ್ಕಿಂತ ಮೇಲೆ ಜಾಗ ಮಾಡಿಕೊಂಡು ತಾವೇ ಒಂದು ಸಾಲು ಸೇರಿಸುತ್ತಾರೆ: ‘ಮೊದಲು ಒಳಗೆ ಹೋಗಿ ಕೇಳುವುದು.’